ಸತ್ತ ಡಿಸ್ಕ್, ಸುಳ್ಳು ಹೇಳುವ ಡಿಸ್ಕ್: ಒಂಬತ್ತನೇ ತರಗತಿಗೆ ಒಂದು ಪಾಠ

ಕಂಪ್ಯೂಟರಿನ ದತ್ತಾಂಶ ಸಂಗ್ರಹದ ಬಗ್ಗೆ ಕಲಿತ ಮಕ್ಕಳು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಎರಡು ಕಡೆ ನಕಲು ಇಟ್ಟರೆ ಮಾಹಿತಿ ಸುರಕ್ಷಿತ. ಇದು ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಕಲಿಸಲು ಬೋಧನಾಭ್ಯಾಸದಲ್ಲಿ ನಾನು ಬಳಸಿದ ನಲವತ್ತು ನಿಮಿಷದ ಪಾಠವನ್ನು ಇಲ್ಲಿ ಕೊಡುತ್ತಿದ್ದೇನೆ. ಇದಕ್ಕೆ ಕಂಪ್ಯೂಟರ್ ಬೇಡ. ಕಪ್ಪುಹಲಗೆ, ಕೆಲವು ರಟ್ಟಿನ ಚೀಟಿಗಳು, ಕೂಡುವ ಕಳೆಯುವ ಲೆಕ್ಕ ಸಾಕು.

ಹಲವು ಡಿಸ್ಕ್‌ಗಳನ್ನು ಜೋಡಿಸಿ ಬಳಸುವವರಿಗೆ ಒಂದೇ ಸಂಗ್ರಹದಂತೆ ಕಾಣಿಸುವುದು ವಾಲ್ಯೂಮ್ ನಿರ್ವಹಣೆಯ ಕೆಲಸ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಜೋಡಿಸುವ ವಿಧಾನಗಳನ್ನು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 'ರೇಡ್' ಎಂಬ ಹೆಸರಿನಲ್ಲಿ ವರ್ಗೀಕರಿಸಿದರು. ಮಕ್ಕಳಿಗೆ ಇತಿಹಾಸ ಇಷ್ಟು ಸಾಕು.

ಮೂವರು ವಿದ್ಯಾರ್ಥಿಗಳನ್ನು ಮುಂದೆ ನಿಲ್ಲಿಸಿದೆ. ಇಬ್ಬರ ಚೀಟಿಯಲ್ಲಿ 42 ಮತ್ತು 35. ಮೂರನೆಯವನ ಚೀಟಿಯಲ್ಲಿ ಅವೆರಡರ ಮೊತ್ತ 77. ಮೂರನೆಯದೇ ಪ್ಯಾರಿಟಿ ಡಿಸ್ಕ್. ಎರಡನೆಯವನನ್ನು ಹೊರಗೆ ಕಳಿಸಿ ಅವನ ಸಂಖ್ಯೆ ಎಷ್ಟೆಂದು ಕೇಳಿದರೆ, 77ರಲ್ಲಿ 42 ಕಳೆದು ತರಗತಿಯೇ ಉತ್ತರ ಹೇಳುತ್ತದೆ. (ನಿಜವಾದ ಡಿಸ್ಕ್‌ಗಳಲ್ಲಿ ಕೂಡುವುದರ ಬದಲು ಬಿಟ್‌ಗಳ ಎಕ್ಸ್‌ಆರ್ ಇರುತ್ತದೆ: 1011 ಮತ್ತು 0110 ಸೇರಿ 1101. ಒಂಬತ್ತನೇ ತರಗತಿಯಲ್ಲಿ ಇದನ್ನು ತರಬೇಕಿಲ್ಲ.)

ಎರಡನೇ ಸುತ್ತಿಗೆ ಹೊಸ ಚೀಟಿಗಳು: 26, 53, 61. ಯಾರನ್ನೂ ಹೊರಗೆ ಕಳಿಸಲಿಲ್ಲ. ಒಂದು ಚೀಟಿ ಕೆಟ್ಟಿದೆ, ಯಾವುದೆಂದು ಹೇಳಿ ಎಂದೆ. 26 ಮತ್ತು 53 ಕೂಡಿದರೆ 79, ಮೊತ್ತ ತಾಳೆಯಾಗುವುದಿಲ್ಲ ಎಂದು ಕೂಡಲೇ ಕಂಡುಕೊಂಡರು. ಆಮೇಲೆ ಗದ್ದಲ. 26 ಇದ್ದ ಜಾಗದಲ್ಲಿ 8 ಇದ್ದಿರಬಹುದು, 53ರ ಜಾಗದಲ್ಲಿ 35, ಅಥವಾ 61ರ ಜಾಗದಲ್ಲಿ 79. ಒಬ್ಬಳು ಕೇಳಿದಳು: "ಮೂವರೂ ನಾನೇ ಸರಿ ಅಂತ ನಿಂತಿದ್ದಾರಲ್ಲ ಮಿಸ್, ಯಾರನ್ನ ಬಿಟ್ಟು ಲೆಕ್ಕ ಮಾಡೋದು?" ಪಾಠದ ತಿರುಳೇ ಈ ಪ್ರಶ್ನೆ. ಇಲ್ಲಿ ಅವಸರದಿಂದ ಉತ್ತರ ಕೊಡಬಾರದು. ನಾನು ಐದು ನಿಮಿಷ ಅವರಿಗೇ ಬಿಟ್ಟೆ.

ಸತ್ತ ಡಿಸ್ಕ್ ತಾನು ಸತ್ತಿದ್ದೇನೆಂದು ತೋರಿಸಿಕೊಡುತ್ತದೆ. ಸುಳ್ಳು ಹೇಳುವ ಡಿಸ್ಕ್ ತಪ್ಪು ಸಂಖ್ಯೆಯನ್ನು ನಿರಾಳವಾಗಿ ಒಪ್ಪಿಸುತ್ತದೆ. ಕಾರಣ ಡಿಸ್ಕೇ ಆಗಿರಬೇಕೆಂದಿಲ್ಲ. ಮೆಮೊರಿ ಚಿಪ್‌ನಲ್ಲಿ ಒಂದು ಬಿಟ್ ಮಗುಚಿದರೆ ಡಿಸ್ಕ್ ಆ ತಪ್ಪನ್ನೇ ನಿಷ್ಠೆಯಿಂದ ಬರೆದಿಡುತ್ತದೆ. ನಿಯಂತ್ರಕ ಫಲಕದ ದೋಷದಿಂದ ಬರಹ ಬೇರೆ ಜಾಗಕ್ಕೆ ಹೋಗಬಹುದು, ಅಥವಾ 'ಬರೆದಾಯಿತು' ಎಂಬ ಉತ್ತರ ಬಂದರೂ ಹಳೆಯದೇ ಉಳಿದಿರಬಹುದು. ಇಂಥಲ್ಲಿ ದುರಸ್ತಿಯೂ ಕೈಕೊಡುತ್ತದೆ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ಗೆ ರಿಪೇರಿ ಆದೇಶ ಕೊಟ್ಟರೆ, ರೇಡ್ 5ರಲ್ಲಿ ಅದು ದತ್ತಾಂಶವನ್ನು ನಂಬಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. ನಮ್ಮ ಆಟದಲ್ಲಿ 61 ಅಳಿಸಿ 79 ಬರೆದಂತೆ! ಲೆಕ್ಕ ತಾಳೆಯಾಯಿತು, ನಿಜವಾದ 35 ಮಾತ್ರ ಶಾಶ್ವತವಾಗಿ ಹೋಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೀಗಾದರೆ ಎಂದಾಗ ಹಿಂದಿನ ಬೆಂಚಿನವರೂ ಎದ್ದು ಕೂತರು. ರಾತ್ರಿ ತೆಗೆಯುವ ಬ್ಯಾಕಪ್ ಕೂಡ ತಪ್ಪನ್ನೇ ನಕಲು ಮಾಡಿಕೊಳ್ಳುತ್ತದೆ.

ಹಾಗಾದರೆ ಸುಳ್ಳನ್ನು ಹಿಡಿಯುವುದು ಹೇಗೆ? ಪ್ರತಿ ಸಂಖ್ಯೆಗೂ ಒಂದು ಗುರುತು ಬೇಕು ಎಂಬಲ್ಲಿಗೆ ಮಕ್ಕಳೇ ಬಂದರು, ಅಂಕಿಗಳನ್ನು ಕೂಡಿ ಬರೆದಿಡೋಣ ಎಂದರು. 35ಕ್ಕೆ 8. ಆದರೆ 53ಕ್ಕೂ 8! ಎರಡನೇ ಅಂಕಿಯನ್ನು ದುಪ್ಪಟ್ಟು ಮಾಡಿ ಕೂಡಿದರೆ 35ಕ್ಕೆ 13, 53ಕ್ಕೆ 11, ಸುಳ್ಳು ಸಿಕ್ಕಿಬಿತ್ತು. ಇದೇ ಚೆಕ್‌ಸಮ್. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ತಪಾಸಣೆಯ ಅಂಕಿ ಎಂದು ಹೇಳಬಹುದು, ಆದರೆ ಯಾರಿಂದಲೂ ಕಾರ್ಡ್ ತರಿಸಬೇಡಿ. ಈ ಹಂತ ಹೆಚ್ಚಾಯಿತೆಂದು ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಅಭಿಪ್ರಾಯಪಟ್ಟರು. ಎಲ್ಲ ಗುರುತುಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ಇದನ್ನು ಬಿಟ್ಟರೆ ಮಕ್ಕಳಿಗೆ ತಿಳಿಯದು. ಸಮಯ ಸಾಲದಿದ್ದರೆ ನಾನು ರೇಡ್‌ನ ಇತಿಹಾಸವನ್ನೇ ಬಿಡುತ್ತೇನೆ.

ಗುರುತನ್ನು ಎಲ್ಲಿಡಬೇಕು ಎಂಬುದೂ ಮುಖ್ಯ. ಅದೇ ಚೀಟಿಯ ಮೇಲೆ ಬರೆದರೆ, ಹೊಸ ಬರಹ ಬೀಳದೆ ಹಳೆಯದು ಉಳಿದಾಗ ಹಳೆಯ ಸಂಖ್ಯೆಗೆ ಹಳೆಯ ಗುರುತು ಸರಿಹೊಂದಿಬಿಡುತ್ತದೆ. ಆದ್ದರಿಂದ ಗುರುತುಗಳನ್ನು ತರಗತಿಯ ನಾಯಕಿಯ ಪುಸ್ತಕದಲ್ಲಿ ಬರೆಸಿದೆ. ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿ 2005ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಝಡ್‌ಎಫ್‌ಎಸ್ ಹೀಗೆಯೇ ಮಾಡುತ್ತದೆ: ಪ್ರತಿ ಬ್ಲಾಕ್‌ನ ಚೆಕ್‌ಸಮ್ ಅದರ ಮೇಲಿನ ಬ್ಲಾಕ್‌ನಲ್ಲಿರುತ್ತದೆ. ಮಿರರ್‌ನ ಎರಡು ನಕಲುಗಳಲ್ಲಿ ಯಾವುದು ಸರಿ ಎಂದು ಅದು ಗುರುತಿಸಿ, ಸರಿಯಾದದ್ದರಿಂದ ಇನ್ನೊಂದನ್ನು ತಿದ್ದುತ್ತದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ಮೆಮೊರಿಯಲ್ಲಿ 35 ಹೋಗಿ 53 ಆಗಿದ್ದರೆ ಏನಾಗುತ್ತದೆ? "ತಪ್ಪಿಗೇ ಸರಿಯಾದ ಗುರುತು ಬೀಳುತ್ತದೆ" ಎಂದು ಒಬ್ಬ ಹುಡುಗ ಬರೆದಿದ್ದ. ಸರ್ವರ್‌ಗಳಲ್ಲಿ ದೋಷ ತಿದ್ದುವ ಇಸಿಸಿ ಮೆಮೊರಿ ಏಕೆ ಹಾಕುತ್ತಾರೆ ಎಂಬುದನ್ನು ಮುಂದಿನ ಅವಧಿಯಲ್ಲಿ ಅವನ ಉತ್ತರದಿಂದಲೇ ಆರಂಭಿಸಿದೆ.