ಮದ್ಯ ಬಿಡಿಸುವ ಮದ್ದು: ಗುಟ್ಟಾಗಿ ಬೇಡ

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ಸಂಚರಿಸಿ, ಜೋಳಿಗೆಯೊಡ್ಡಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಆ ಜೋಳಿಗೆಗೆ ಕುಡಿತವನ್ನು ಹಾಕಿದವನ ಮನಸ್ಸು ಗಟ್ಟಿಯಾದರೂ ದೇಹ ಕೆಲವೊಮ್ಮೆ ಒಪ್ಪುವುದಿಲ್ಲ. ವರ್ಷಗಟ್ಟಲೆ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಮೊದಲ ದಿನಗಳಲ್ಲಿ ವೈದ್ಯರ ನಿಗಾ ಇರಲೇಬೇಕು.

ಔಷಧಗಳಲ್ಲಿ ನಾಲ್ಟ್ರೆಕ್ಸೋನ್ ಕುಡಿತದಿಂದ ಮಿದುಳಿಗೆ ದೊರೆಯುವ ಸುಖವನ್ನು ತಗ್ಗಿಸುತ್ತದೆ. ಹೀಗಾಗಿ ಅನೇಕರಲ್ಲಿ ಕುಡಿಯುವ ಪ್ರಮಾಣ ಇಳಿಯುತ್ತದೆ. ಯಕೃತ್ತು ತೀರಾ ಕೆಟ್ಟವರಿಗೂ ಅಫೀಮು ಜಾತಿಯ ನೋವುನಿವಾರಕ ಸೇವಿಸುವವರಿಗೂ ಇದು ಸಲ್ಲದು. ಅಕಾಂಪ್ರೊಸೇಟ್, ಮದ್ಯ ಬಿಟ್ಟವರ ತಹತಹವನ್ನು ಕಡಿಮೆ ಮಾಡುತ್ತದೆ.

ಡೈಸಲ್ಫಿರಾಂ ಬೇರೆ ಬಗೆಯದು. ಅದನ್ನು ಸೇವಿಸಿದವನು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಇದನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ತಾಯಂದಿರ ಸಂಕಟ ಅರ್ಥವಾಗುವಂಥದು. ಆದರೆ ತಿಳಿಯದೆ ಕುಡಿದವನ ಪ್ರಾಣವೇ ಹೋದೀತು. ಇನ್ನು ಹೆಸರಿಲ್ಲದ ‘ಕುಡಿತ ಬಿಡಿಸುವ ಪುಡಿ’ಯಲ್ಲಿ ಏನಿದೆಯೆಂಬುದನ್ನು ಮಾರುವವನೂ ಹೇಳಲಾರ.

ಅಂಬಿಕಾನಗರ, ದಾಂಡೇಲಿ, ಹಳಿಯಾಳದ ಸದ್ಭಕ್ತರಿಗೆ ಧಾರವಾಡದ ಡಿಮ್ಹಾನ್ಸ್ ದೂರವೇನಲ್ಲ. ಹೊರಡುವ ಮುನ್ನ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಕುಡಿಯುವವನನ್ನೂ ಜೊತೆಗೆ ಕರೆದೊಯ್ಯಿರಿ. ಮಾತ್ರೆಯ ವಿಷಯವನ್ನು ವೈದ್ಯರು ಅವನಿಗೇ ಹೇಳಲಿ.