ವಾಯುಮಾರ್ಗದ ಅಳತೆ

ಕರ್ನಾಟಕದ ಭೂಪಟವನ್ನು ಮುಂದಿಟ್ಟುಕೊಂಡು ಬೆಂಗಳೂರಿನ ಹಲಸೂರಿನಿಂದ ನೇರ ಪಶ್ಚಿಮಕ್ಕೆ ಒಂದು ಗೆರೆಯನ್ನೆಳೆದರೆ, ಅದು ಮಂಗಳೂರಿನ ಬಜ್ಪೆಯ ಬಳಿ ಹಾದು ಕಡಲನ್ನು ಸೇರುತ್ತದೆ. ಇಂದಿರಾನಗರದ ಆಚೆಗಿರುವ ಎಚ್.ಎ.ಎಲ್. ವಿಮಾನ ನಿಲ್ದಾಣವೂ ಬಜ್ಪೆಯ ನಿಲ್ದಾಣವೂ ಸುಮಾರಾಗಿ ಒಂದೇ ಅಕ್ಷಾಂಶದ ಮೇಲಿವೆ. ಆದುದರಿಂದ ಅವುಗಳ ನಡುವಣ ವಾಯುಮಾರ್ಗದ ದೂರವನ್ನು ಯಾವ ಉಪಕರಣವೂ ಇಲ್ಲದೆ ಲೆಕ್ಕ ಹಾಕಬಹುದು. ಮೊದಲನೆಯದರ ರೇಖಾಂಶ 77.67 ಡಿಗ್ರಿ, ಎರಡನೆಯದರದು 74.89 ಡಿಗ್ರಿ, ಅಂತರ 2.78 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108.5 ಕಿಲೋಮೀಟರು. ಗುಣಿಸಿದರೆ 300 ಕಿಲೋಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಟ್ಟವನ್ನಿಳಿಯುವ ರಸ್ತೆ ಸುಮಾರು 350 ಕಿಲೋಮೀಟರು. ಸೂರ್ಯನಿಗೂ ಈ ದೂರವನ್ನು ಕ್ರಮಿಸಲು ಹನ್ನೊಂದು ನಿಮಿಷ ಬೇಕು. ಹಲಸೂರಿನಲ್ಲಿ ನಡುಹಗಲಾದ ಅಷ್ಟು ಹೊತ್ತಿನ ಮೇಲೆ ಬಜ್ಪೆಯಲ್ಲಿ ನಡುಹಗಲು.

1940ರಲ್ಲಿ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ಮಗ್ಗುಲಲ್ಲಿ ಬೆಳೆದ ನಿಲ್ದಾಣವೇ ಬಹುಕಾಲ ನಗರದ ನಾಗರಿಕ ವಿಮಾನ ನಿಲ್ದಾಣವೂ ಆಗಿತ್ತು. ಬಜ್ಪೆಯ ನಿಲ್ದಾಣವು 1951ರ ಡಿಸೆಂಬರ್ 25ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದಾಗ, ಆರಂಭವಾಯಿತು. ಡಕೋಟಾದ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. ಎಂದರೆ ಈ ದಾರಿಗೆ ಒಂದು ಗಂಟೆ.

ಇಂದಿನ ಜೆಟ್ ವಿಮಾನವು ಗಂಟೆಗೆ 800 ಕಿಲೋಮೀಟರು ಹಾರಬಲ್ಲದು. ಲೆಕ್ಕದಂತೆ 23 ನಿಮಿಷಗಳು ಸಾಕು. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಇಂದಿಗೂ ಸುಮಾರು ಒಂದು ಗಂಟೆಯೇ! ದಾರಿ ಚಿಕ್ಕದು, ವಿಮಾನವು ಮೇಲೇರಿ ಪೂರ್ಣ ವೇಗವನ್ನು ಪಡೆಯುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ನೆಲದ ಮೇಲೆ ಉರುಳುವ, ಸರದಿಗಾಗಿ ಕಾಯುವ ನಿಮಿಷಗಳೂ ಅದರಲ್ಲಿ ಸೇರಿವೆ.

ಗಾಳಿಯ ಲೆಕ್ಕವು ಇನ್ನೂ ಸ್ವಾರಸ್ಯವಾದುದು. ಗಂಟೆಗೆ 500 ಕಿಲೋಮೀಟರು ಹಾರುವ ವಿಮಾನಕ್ಕೆ 300 ಕಿಲೋಮೀಟರನ್ನು ಕ್ರಮಿಸಲು 36 ನಿಮಿಷ ಬೇಕು, ಹೋಗಿಬರಲು 72. ಮಳೆಗಾಲದಲ್ಲಿ ಪಡುವಣ ಗಾಳಿ 50 ಕಿಲೋಮೀಟರು ವೇಗದಲ್ಲಿ ಬೀಸುತ್ತಿದೆಯೆನ್ನೋಣ. ಮಂಗಳೂರಿಗೆ ಹೋಗುವಾಗ 40 ನಿಮಿಷ, ಮರಳುವಾಗ 33 ನಿಮಿಷಕ್ಕೆ ತುಸು ಕಡಿಮೆ. ಹೋಗುವಾಗ ಕಳೆದುಕೊಂಡುದನ್ನು ಗಾಳಿಯು ಬರುವಾಗ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ.

ಆದರೆ ಹಾರಾಟದಲ್ಲಿ ನಿಮಿಷಗಳನ್ನು ಉಳಿಸಲಾಗದ ಸಂದರ್ಭಗಳುಂಟು. ಬಜ್ಪೆಯ ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದೆ. ಓಡುದಾರಿಯ ತುದಿಯಾಚೆ ಕಣಿವೆ. 1,615 ಮೀಟರಿನ ಹಳೆಯ ಓಡುದಾರಿ ಸಾಲದೆ, 2006ರಲ್ಲಿ 2,450 ಮೀಟರಿನ ಹೊಸದು ಬಳಕೆಗೆ ಬಂದಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಈ ಹೊಸ ಓಡುದಾರಿಯನ್ನೂ ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದರು. ಬದುಕಿದವರು ಎಂಟೇ ಮಂದಿ. ಸಹವೈಮಾನಿಕನು ಮತ್ತೆ ಮೇಲೇರುವಂತೆ ಮೂರು ಬಾರಿ ಹೇಳಿದ್ದನೆಂದು ತನಿಖೆಯಿಂದ ತಿಳಿದುಬಂದಿತು. ಒಂದು ಸುತ್ತು ಹಾಕಿ ಮತ್ತೆ ಇಳಿಯಲು ಕೆಲವೇ ನಿಮಿಷಗಳು ಸಾಕಾಗುತ್ತಿದ್ದವು.

2008ರ ಮೇ 24ರಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯಿಂದ ಹೊರಡುತ್ತಿವೆ. ಅಲ್ಲಿಂದ ಬಜ್ಪೆಗೆ ವಾಯುಮಾರ್ಗದಲ್ಲಿ ಸುಮಾರು 306 ಕಿಲೋಮೀಟರು. ಹೆಚ್ಚಾದುದು ಐದೇ ಕಿಲೋಮೀಟರು. ದಂಡು ಪ್ರದೇಶದ ಶಿವಾಜಿನಗರದವರಿಗೆ ಮೊದಲು ನಿಲ್ದಾಣವು ಊರೊಳಗೇ ಇತ್ತು. ಈಗ ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ರಸ್ತೆಯಲ್ಲಿ ಸಾಗಬೇಕು. ಜನದಟ್ಟಣೆಯ ಸಂಜೆಗಳಲ್ಲಿ ಅವರು ದೇವನಹಳ್ಳಿಯನ್ನು ಮುಟ್ಟುವಷ್ಟು ಹೊತ್ತಿನಲ್ಲಿ ವಿಮಾನವೊಂದು ಮಂಗಳೂರನ್ನು ಸೇರಿರುತ್ತದೆ.