ಒಡೆಯುವ ಮುನ್ನ ಹದ ಮಾಡಿ: ಆಂಶಿಕ ಭಿನ್ನರಾಶಿಗೆ ಏಳು ಸೂತ್ರಗಳು

ಬಸವಕಲ್ಯಾಣ, ಹುಮನಾಬಾದ್ ಕಡೆಯ ದ್ವಿತೀಯ ಪಿಯು ಹುಡುಗ ಹುಡುಗಿಯರೇ, ಅನುಕಲನದಲ್ಲಿ ಪಾರ್ಷಿಯಲ್ ಫ್ರ್ಯಾಕ್ಷನ್ ಕಂಡ ಕೂಡಲೇ ಎ, ಬಿ ಬರೆಯಲು ಕೈ ತುರಿಸುತ್ತದೆ. ಸ್ವಲ್ಪ ತಡೆಯಿರಿ. ಲೆಕ್ಕ ಕೆಡುವುದು ಎ, ಬಿ ಹುಡುಕುವಾಗಲ್ಲ, ಅದಕ್ಕೂ ಮೊದಲು.

1. ಘಾತ ನೋಡಿ. ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆ ಇರಲೇಬೇಕು. ಸಮ ಇದ್ದರೂ ನಡೆಯದು. ಇಲ್ಲದಿದ್ದರೆ ಮೊದಲು ಭಾಗಿಸಿ. (ಎಕ್ಸ್³ + 2)/(ಎಕ್ಸ್² − 1) ತೆಗೆದುಕೊಳ್ಳಿ. ಭಾಗಲಬ್ಧ ಎಕ್ಸ್, ಶೇಷ ಎಕ್ಸ್ + 2. ಒಡೆಯಬೇಕಾದ್ದು ಶೇಷದ ಭಾಗವನ್ನು ಮಾತ್ರ: (ಎಕ್ಸ್ − 1)ರ ಮೇಲೆ 3/2, (ಎಕ್ಸ್ + 1)ರ ಮೇಲೆ −1/2. ಮೋಸ ಇರುವುದು ಇಲ್ಲೇ. ಭಾಗಿಸದೆ ನೇರವಾಗಿ ಎಕ್ಸ್‌ಗೆ 1, −1 ಹಾಕಿದವರಿಗೂ ಅದೇ 3/2, −1/2 ಸಿಗುತ್ತವೆ! ಬಿಟ್ಟುಹೋದ ಎಕ್ಸ್ ಮಾತ್ರ ಸದ್ದು ಮಾಡುವುದಿಲ್ಲ.

2. ಛೇದವನ್ನು ಕೊನೆತನಕ ಅಪವರ್ತಿಸಿ. ಎಕ್ಸ್⁴ − 1 ಬಂದರೆ (ಎಕ್ಸ್² − 1)(ಎಕ್ಸ್² + 1) ಎಂದು ಬರೆದು ಸುಮ್ಮನಾಗುವವರೇ ಹೆಚ್ಚು. ಮೊದಲನೆಯದು ಇನ್ನೂ ಒಡೆಯುತ್ತದೆ, ಎರಡನೆಯದು ಒಡೆಯದು. ಅನುಮಾನವಿದ್ದರೆ ಶೋಧಕ ಲೆಕ್ಕ ಹಾಕಿ. ಋಣ ಬಂದರೆ ಹಾಗೇ ಬಿಡಿ.

3. ಮೇಲೆ ಕೆಳಗೆ ಒಂದೇ ಅಪವರ್ತನವಿದ್ದರೆ ಹೊಡೆದುಹಾಕಿ. ಮರೆತರೆ ಉತ್ತರ ತಪ್ಪಾಗದು, ಸಮಯ ಹಾಳು.

4. ಎಲ್ಲೆಡೆ ಬರೀ ಎಕ್ಸ್² ಇದ್ದರೆ ಒಡೆಯುವಷ್ಟು ಹೊತ್ತು ಅದನ್ನು ಟಿ ಅನ್ನಿ. ಎಕ್ಸ್²/((ಎಕ್ಸ್² + 1)(ಎಕ್ಸ್² + 4)) ಹೀಗೆ ಸಲೀಸಾಗಿ −1/3, 4/3 ಆಗಿ ಒಡೆಯುತ್ತದೆ. ಅನುಕಲನಕ್ಕೆ ಮುನ್ನ ಟಿ ತೆಗೆದು ಎಕ್ಸ್² ವಾಪಸ್ ಹಾಕಿ. ಇದು ನಿಜವಾದ ಆದೇಶ ಅಲ್ಲ, ಬರೀ ಹೆಸರು ಬದಲಾವಣೆ.

5. ನಿಜವಾದ ಆದೇಶ ಬೇಕಾಗುವ ಲೆಕ್ಕವೂ ಇದೆ. ಛೇದ ಎಕ್ಸ್(ಎಕ್ಸ್⁵ + 1), ಅಂಶ 1. ಮೇಲೆ ಕೆಳಗೆ ಎಕ್ಸ್⁴ನಿಂದ ಗುಣಿಸಿ, ಎಕ್ಸ್⁵ = ಟಿ ಹಾಕಿ. ಹೊರಗೆ 1/5, ಒಳಗೆ 1/(ಟಿ(ಟಿ + 1)). ನನ್ನನ್ನು ಕೇಳಿದರೆ ಈ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ಲೆಕ್ಕವಿಲ್ಲ.

6. ಸಂಖ್ಯೆಗಳಲ್ಲಿ ಕೈ ಪಳಗಿಸಿ. ಭಿನ್ನರಾಶಿ ಒಡೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ 1ನ್ನು ಅಂಶ 1 ಇರುವ ಭಿನ್ನರಾಶಿಗಳಾಗಿ ಬಿಡಿಸುವ ಸೂತ್ರ ಕೊಟ್ಟಿದ್ದಾನೆ: 1/2 + 1/3 + 1/6, ಇನ್ನೊಂದು ಪದ ಬೇಕಿದ್ದರೆ 1/2 + 1/3 + 1/9 + 1/18. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ. ಆಚಾರ್ಯರ ಈ ಭಿನ್ನರಾಶಿಗಳನ್ನು ಕೂಡಿ ನೋಡಿ, ಮತ್ತೆ ಬಿಡಿಸಿ.

7. ಚೌಕಟ್ಟು ಸರಿ ಹಾಕಿ, ತಾಳೆ ನೋಡಿ. (ಎಕ್ಸ್ − 1)² ಇದ್ದರೆ ಎರಡು ಪದ ಬೇಕು. ಒಡೆಯದ ಎಕ್ಸ್² + 1ರ ಮೇಲೆ ಬಿ ಎಕ್ಸ್ + ಸಿ. ತಾಳೆಗೆ ಎಲ್ಲರೂ ಎಕ್ಸ್ = 0 ಹಾಕುತ್ತಾರೆ. ಒಂದನೇ ಸೂತ್ರದ ಲೆಕ್ಕದಲ್ಲಿ 0 ಹಾಕಿದರೆ ಸರಿ ಉತ್ತರಕ್ಕೂ −2, ತಪ್ಪು ಉತ್ತರಕ್ಕೂ −2. 2 ಹಾಕಿ: ಮೂಲದಲ್ಲಿ 10/3, ಎಕ್ಸ್ ಬಿಟ್ಟವರಿಗೆ 4/3.